ಕೆಮ್ಮಿಗೆ ಎಷ್ಟು ದಿನ ಆಯಿತು?



ನಮ್ಮೂರು ಬ್ಯಾಡಗಿ ಕಡೆಯದು. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಎಲ್ಲಿ ನೋಡಿದರೂ ಘಾಟು. ಹಗಲೆಲ್ಲ ಕೂತು ತೊಟ್ಟು ಬಿಡಿಸುತ್ತೇವೆ. ಸಂಜೆ ಮನೆಗೆ ಬಂದು ಒಲೆ ಊದುತ್ತೇವೆ. ರಾತ್ರಿ ಕಲಿಕಾ ಕೇಂದ್ರಕ್ಕೆ ಬರುತ್ತೇವೆ. ಕೆಮ್ಮುತ್ತಲೇ ಪಾಠ ಓದುತ್ತೇವೆ. ನಮ್ಮಲ್ಲಿ ಕೆಮ್ಮದವರು ಯಾರಿದ್ದಾರೆ ಹೇಳಿ?

ಹಾಗಾಗಿ ಬಾಗಿಲ ಹತ್ತಿರ ಕೂರುವ ಅಕ್ಕನ ಕೆಮ್ಮನ್ನು ಬಹಳ ದಿನ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾವೂ ಹಿಡಿಯಲಿಲ್ಲ. ಒಂದು ದಿನ ಕ್ಯಾಲೆಂಡರ್ ನೋಡುವ ಪಾಠ ಇತ್ತು. ಸಂಕ್ರಾಂತಿ ಮುಗಿದ ವಾರ. ಅಕ್ಕ ಎದ್ದು ಬಂದು ತಾರೀಖು ತೋರಿಸಬೇಕಿತ್ತು. ಗೋಡೆಯ ತನಕ ನಡೆದು ಬರುವಷ್ಟರಲ್ಲೇ ಕೆಮ್ಮು ಒತ್ತರಿಸಿ ಬಂತು. ಗೋಡೆ ಹಿಡಿದು ನಿಂತರು.

"ಯಕ್ಕಾ, ಎಷ್ಟ್ ದಿನದಿಂದ ಕೆಮ್ಮಾಕತ್ತೀರಿ?" ಅಂತ ಕೇಳಿದೆವು.

"ಯಾರಿಗೆ ಗೊತ್ತವ್ವ? ಒಲಿ ಹೊಗಿ ಅದು. ಹೊಗಿ ನಿಂತ್ರ ಕೆಮ್ಮೂ ನಿಲ್ತೈತಿ" ಅಂದರು.

ಎದುರಿಗೇ ಕ್ಯಾಲೆಂಡರ್ ಇತ್ತಲ್ಲ. ಎಲ್ಲರೂ ಸೇರಿ ಎಣಿಸಲು ಕೂತೆವು. ಎಳ್ಳ ಅಮಾವಾಸ್ಯೆಗೆ ಕೆಮ್ಮು ಇತ್ತೇ? ಇತ್ತು. ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಏದುಸಿರು ಬಂದು ಬದುವಿನ ಮೇಲೆ ಕೂತಿದ್ದರಂತೆ. ದೀಪಾವಳಿಗೆ? ಆಗಲೂ ಇತ್ತು. ಹಟ್ಟೆವ್ವ ಇಡುವಾಗ ಕೆಮ್ಮಿ ಕೆಮ್ಮಿ ಸಾಕಾಗಿತ್ತಂತೆ. ಒಂದೊಂದೇ ಮನೆ ಎಣಿಸುತ್ತ ಬಂದೆವು. ಎಪ್ಪತ್ತು ದಿನ ದಾಟಿತ್ತು.

ಆವತ್ತು ಪಾಠ ಅಲ್ಲಿಗೇ ನಿಂತಿತು. ಎಪ್ಪತ್ತು ದಿನದ ಕೆಮ್ಮನ್ನು ಹೊಗೆಯ ಮೇಲೆ ಹಾಕಿ ಸುಮ್ಮನೆ ಕೂರುವಂತಿಲ್ಲ.

ಕೆಮ್ಮು ಒಂದು ರೋಗವಲ್ಲ. ಅದು ಎದೆ ಕೊಡುವ ಸುದ್ದಿ. ಸುದ್ದಿ ಒಂದೇ ಥರ ಕೇಳಿಸಿದರೂ ಒಳಗಿನ ವಿಷಯ ಬೇರೆ ಬೇರೆ. ನೆಗಡಿ ಇರಬಹುದು. ನ್ಯುಮೋನಿಯಾ ಇರಬಹುದು. ಕ್ಷಯ, ಅಂದರೆ ಟಿ.ಬಿ. ಇರಬಹುದು. ದಮ್ಮು ಇರಬಹುದು. ಹೊಗೆಯಿಂದ ಎದೆ ಕೆಟ್ಟಿರಲೂಬಹುದು. ಯಾವುದು ಅಂತ ತಿಳಿಯುವುದು ಹೇಗೆ? ಪೂರ್ತಿ ತಿಳಿಯಲು ಡಾಕ್ಟರೇ ಬೇಕು. ಆದರೆ ಅರ್ಧ ದಾರಿ ನಾವೇ ನಡೆಯಬಹುದು. ಅದಕ್ಕೆ ಬೇಕಾದದ್ದು ಎಣಿಕೆ. ದಿನ ಎಣಿಸಬೇಕು. ಉಸಿರು ಎಣಿಸಬೇಕು. ಎರಡೂ ಈಗ ನಮಗೆ ಬರುತ್ತವೆ.

ನೆಗಡಿ ಕೆಮ್ಮು

ಮೂಗು ಸೋರುತ್ತದೆ. ಗಂಟಲು ಕೆರೆಯುತ್ತದೆ. ಮೈ ಕೈ ನೋವು, ಸ್ವಲ್ಪ ಜ್ವರ. ಇದು ವೈರಸ್ ಎಂಬ ಕಣ್ಣಿಗೆ ಕಾಣದ ಜೀವಿಯಿಂದ ಬರುತ್ತದೆ. ಒಂದು ವಾರ, ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ಬಿಸಿ ನೀರು ಕುಡಿಯಿರಿ. ಉಪ್ಪು ನೀರಲ್ಲಿ ಗಂಟಲು ಮುಕ್ಕಳಿಸಿ. ಮೆಣಸು, ಶುಂಠಿ ಕಷಾಯ ಮಾಡಿ ಕುಡಿದರೆ ಗಂಟಲಿಗೆ ಹಿತ. ಆಗುವಷ್ಟು ಮಲಗಿ. ನಮ್ಮನ್ನು ಮಲಗಲು ಯಾರು ಬಿಡುತ್ತಾರೆ ಅನ್ನುತ್ತೀರಿ. ನಿಜವೇ. ಆದರೂ ಒಂದು ದಿನದ ನೀರು ಹೊರುವ ಕೆಲಸವನ್ನಾದರೂ ಮನೆಯ ಬೇರೆಯವರು ಮಾಡಲಿ.

ಅಂಗಡಿಗೆ ಹೋಗಿ "ಪವರಿನ ಮಾತ್ರೆ ಕೊಡಿ" ಅಂತ ಕೇಳಬೇಡಿ. ಆ ಮಾತ್ರೆ ವೈರಸ್ಸಿಗೆ ನಾಟುವುದಿಲ್ಲ. ದುಡ್ಡು ದಂಡ. ಮುಂದೆ ನಿಜವಾಗಿ ಬೇಕಾದಾಗ ಅದೇ ಮಾತ್ರೆ ಕೆಲಸ ಮಾಡದೆ ಹೋಗಬಹುದು.

ಒಂದು ಮಾತು ನೆನಪಿರಲಿ. ಗರ್ಭಿಣಿಯರಿಗೆ, ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಫ್ಲೂ ಜ್ವರ ಬೇಗ ಎದೆಗೆ ಇಳಿಯುತ್ತದೆ. ಅವರು ಹತ್ತು ದಿನ ಕಾಯಬಾರದು. ಮೊದಲೇ ತೋರಿಸಬೇಕು.

ಉಸಿರು ಎಣಿಸೋಣ

ನ್ಯುಮೋನಿಯಾ ಅಂದರೆ ಶ್ವಾಸಕೋಶಕ್ಕೆ ಸೋಂಕು ಹತ್ತಿ, ಗಾಳಿ ತುಂಬಬೇಕಾದ ಜಾಗದಲ್ಲಿ ಕೀವು, ನೀರು ತುಂಬುವುದು. ಚಳಿ ಜ್ವರ ಬರುತ್ತದೆ. ಹಳದಿ, ಹಸಿರು ಅಥವಾ ತುಕ್ಕಿನ ಬಣ್ಣದ ಕಫ ಬರಬಹುದು. ಉಸಿರು ಎಳೆದಾಗ ಪಕ್ಕೆಯಲ್ಲಿ ಚುಚ್ಚಿದ ಹಾಗೆ ನೋವು. ವಯಸ್ಸಾದವರಿಗೆ ಕೆಲವು ಸಲ ಜ್ವರವೇ ಇರುವುದಿಲ್ಲ. ಸುಮ್ಮನೆ ಮಂಕಾಗುತ್ತಾರೆ. ಊಟ ಬಿಡುತ್ತಾರೆ. ಮಾತು ತೊದಲುತ್ತದೆ. "ಅತ್ತೆಗೆ ವಯಸ್ಸಾಯ್ತು, ಅದಕ್ಕೇ ಹಂಗ್ ಮಾಡ್ತಾರೆ" ಅಂತ ನಾವು ಅಂದುಕೊಳ್ಳುತ್ತೇವೆ. ಆಗ ಉಸಿರು ಎಣಿಸಿ ನೋಡಬೇಕು.

ಎಣಿಸುವುದು ಹೀಗೆ. ಅವರು ಸುಮ್ಮನೆ ಮಲಗಿರಲಿ. ಎದೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿಕೊಂಡು ಒಂದು ನಿಮಿಷ ಪೂರ್ತಿ ಎಣಿಸಿ. ಎಣಿಸುತ್ತಿದ್ದೇವೆ ಅಂತ ಅವರಿಗೆ ಹೇಳಬೇಡಿ. ಹೇಳಿದರೆ ಉಸಿರಾಟ ಬದಲಾಗುತ್ತದೆ. ಆರೋಗ್ಯವಾಗಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. 20 ದಾಟಿ ಜ್ವರವೂ ಇದ್ದರೆ ಆ ದಿನವೇ ಡಾಕ್ಟರ ಹತ್ತಿರ ಹೋಗಿ. 30 ಮುಟ್ಟಿದರೆ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ.

ತುಟಿ, ಉಗುರು ನೀಲಿಯಾದರೂ ಅಷ್ಟೇ. ಒಂದು ಮಾತನ್ನು ಪೂರ್ತಿ ಆಡಲಾಗದೆ ನಡುವೆ ಉಸಿರು ಹಿಡಿದರೂ ಅಷ್ಟೇ. ಕೆಮ್ಮಿನಲ್ಲಿ ತುಂಬಾ ರಕ್ತ ಬಂದರೂ ಅಷ್ಟೇ. ಗಂಡ ಬರಲಿ, ಮಗ ಬರಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಎರಡು ವಾರ ದಾಟಿದರೆ

ಈಗ ಬಾಗಿಲ ಹತ್ತಿರದ ಅಕ್ಕನ ವಿಷಯಕ್ಕೆ ಬರೋಣ.

ಎರಡು ವಾರ, ಅಂದರೆ 14 ದಿನ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಇದು ನಿಯಮ. ಕೆಮ್ಮಿನ ಜೊತೆ ಸಂಜೆ ಹೊತ್ತು ಜ್ವರ ಬರುವುದು, ರಾತ್ರಿ ಮೈ ಬೆವರುವುದು, ಹಸಿವು ಹೋಗುವುದು, ಕುಬಸ ಸಡಿಲವಾಗುವಷ್ಟು ಮೈ ಇಳಿಯುವುದು, ಕಫದಲ್ಲಿ ರಕ್ತ ಕಾಣುವುದು – ಇವುಗಳಲ್ಲಿ ಒಂದಿದ್ದರೂ ಅನುಮಾನ ಹೆಚ್ಚು.

ಅಕ್ಕನಿಗೆ ಮೊದಲಿನ ನಾಲ್ಕೂ ಇದ್ದವು. ಆದರೂ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಕಾರಣ ಎರಡು ದಿನ ಆದ ಮೇಲೆ ಹೇಳಿದರು. "ಮಗಳಿಗೆ ಗಂಡು ನೋಡಾಕತ್ತೀವಿ. ತಾಯಿಗೆ ಟಿ.ಬಿ. ಅಂತ ಗೊತ್ತಾದ್ರ ಯಾರ್ ಮಾಡ್ಕೋತಾರ?" ನಮಗೂ ಮಾತು ಹೊರಡಲಿಲ್ಲ. ಭಯ ಸುಳ್ಳಲ್ಲ. ನಮ್ಮ ಊರುಗಳಲ್ಲಿ ಹಾಗೆ ನಡೆಯುತ್ತದೆ. ಕೊನೆಗೆ ವಯಸ್ಸಾದ ಒಬ್ಬ ಅಮ್ಮ ಹೇಳಿದರು: "ನೀನ ಇಲ್ಲಂದ್ರ ಮಗಳ ಮದುವಿ ಯಾರ್ ಮಾಡ್ತಾರ?" ಅಕ್ಕ ಸೆರಗು ಹೊದ್ದು ಎದ್ದರು.

ಕ್ಷಯ ಶಾಪದಿಂದ ಬರುವುದಿಲ್ಲ. ಪಾಪದಿಂದ ಬರುವುದಿಲ್ಲ. ವಂಶದಿಂದಲೂ ಬರುವುದಿಲ್ಲ. ಅದು ಒಂದು ರೋಗಾಣುವಿನಿಂದ ಬರುತ್ತದೆ. ಜರ್ಮನಿಯ ರಾಬರ್ಟ್ ಕಾಕ್ ಎಂಬ ಡಾಕ್ಟರು 1882ರಲ್ಲಿ ಮಾರ್ಚ್ 24ರಂದು ಈ ವಿಷಯ ಜಗತ್ತಿಗೆ ತಿಳಿಸಿದರು. ಅದಕ್ಕೇ ಮಾರ್ಚ್ 24 ವಿಶ್ವ ಕ್ಷಯರೋಗ ದಿನ. ರೋಗಿ ಕೆಮ್ಮಿದಾಗ, ಸೀನಿದಾಗ ರೋಗಾಣು ಗಾಳಿಗೆ ಸೇರುತ್ತದೆ. ಕಿಟಕಿ ಇಲ್ಲದ ಮನೆಯಲ್ಲಿ ಆ ಗಾಳಿ ಅಲ್ಲೇ ನಿಲ್ಲುತ್ತದೆ. ಜೊತೆಗೆ ಇರುವವರ ಎದೆಗೆ ಹೋಗುತ್ತದೆ. ತಟ್ಟೆ ಲೋಟದಿಂದ ಹರಡುವುದಿಲ್ಲ. ಬಟ್ಟೆಯಿಂದ ಹರಡುವುದಿಲ್ಲ. ಆದ್ದರಿಂದ ತಟ್ಟೆ ಬೇರೆ ಮಾಡಿ ಪ್ರಯೋಜನ ಇಲ್ಲ. ಬಾಗಿಲು, ಬೆಳಕಿಂಡಿ ತೆಗೆದಿಡುವುದರಿಂದ ಪ್ರಯೋಜನ ಇದೆ. ಕೆಮ್ಮುವಾಗ ಸೆರಗನ್ನೋ ಬಟ್ಟೆಯನ್ನೋ ಬಾಯಿಗೆ ಅಡ್ಡ ಹಿಡಿಯುವುದರಿಂದ ಪ್ರಯೋಜನ ಇದೆ.

ಕಫ ಕೊಡುವುದು ಕಷ್ಟದ ಕೆಲಸವಲ್ಲ. ಆದರೆ ಸರಿಯಾಗಿ ಕೊಡಬೇಕು. ಆಸ್ಪತ್ರೆಯಲ್ಲಿ ಒಂದು ಡಬ್ಬಿ ಕೊಡುತ್ತಾರೆ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ. ಬಯಲಿಗೆ ಬಂದು ನಿಲ್ಲಿ. ಎರಡು ಮೂರು ಸಲ ಉದ್ದ ಉಸಿರು ಎಳೆದು, ಎದೆಯಿಂದ ಕೆಮ್ಮಿ ಬಂದ ಗಟ್ಟಿ ಕಫವನ್ನೇ ಡಬ್ಬಿಗೆ ಹಾಕಿ. ಎಂಜಲು ಹಾಕಿದರೆ ರೋಗ ಇದ್ದರೂ ಕಾಣುವುದಿಲ್ಲ. ನಮ್ಮ ಹೆಂಗಸರು ನಾಚಿಕೊಂಡು ಮೆತ್ತಗೆ ಉಗುಳಿ ಬರುತ್ತಾರೆ. ಇಲ್ಲಿ ನಾಚಿಕೆ ಬೇಡ. ಬೇಕಾದರೆ ಎದೆಯ ಫೋಟೋ ತೆಗೆಯುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಟಿ.ಬಿ. ಪರೀಕ್ಷೆಗೂ ಔಷಧಿಗೂ ದುಡ್ಡಿಲ್ಲ.

ಅಕ್ಕನ ಕಫದಲ್ಲಿ ರೋಗಾಣು ಸಿಕ್ಕಿತು. ತೂಕ ನೋಡಿದರು, 36 ಕಿಲೋ. ಮಾತ್ರೆ ಶುರುವಾಯಿತು. ಸಾಮಾನ್ಯ ಟಿ.ಬಿ.ಗೆ ಆರು ತಿಂಗಳ ಔಷಧಿ. ಪ್ರತಿ ದಿನ ನುಂಗಬೇಕು. ಕೆಲವು ವಾರ ಸರಿಯಾಗಿ ನುಂಗಿದರೆ ಬೇರೆಯವರಿಗೆ ಹರಡುವುದು ಬಹಳ ಕಡಿಮೆಯಾಗುತ್ತದೆ. ಮನೆಯ ಮಕ್ಕಳನ್ನೂ ಉಳಿದವರನ್ನೂ ಪರೀಕ್ಷೆ ಮಾಡುತ್ತಾರೆ. ರೋಗ ಬಾರದ ಹಾಗೆ ಅವರಿಗೂ ಮಾತ್ರೆ ಕೊಡುವುದುಂಟು. ಬೇಡ ಅನ್ನಬೇಡಿ.

ಔಷಧಿ ಶುರುವಾದ ಮೇಲೆ ಮೂತ್ರ ಕಿತ್ತಳೆ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಅಕ್ಕ ರಕ್ತ ಹೋಗುತ್ತಿದೆ ಅಂತ ಹೆದರಿ ಅತ್ತುಬಿಟ್ಟಿದ್ದರು. ಅದು ಮಾತ್ರೆಯ ಬಣ್ಣ ಅಷ್ಟೇ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ಕೂಡಲೇ ಹೋಗಿ ಹೇಳಬೇಕು. ಇನ್ನೊಂದು ವಿಷಯ ನಮಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಮಕ್ಕಳಾಗದಂತೆ ಗುಳಿಗೆ ನುಂಗುವವರು ನಮ್ಮಲ್ಲಿ ಇದ್ದಾರೆ. ಟಿ.ಬಿ. ಮಾತ್ರೆ ಆ ಗುಳಿಗೆಯ ಬಲ ಕಡಿಮೆ ಮಾಡುತ್ತದೆ. ಆರು ತಿಂಗಳಿಗೆ ಬೇರೆ ವಿಧಾನ ಯಾವುದು ಅಂತ ನರ್ಸಮ್ಮನ ಹತ್ತಿರ ಕೇಳಿಕೊಳ್ಳಿ.

ಎರಡನೇ ತಿಂಗಳಿಗೆ ಅಕ್ಕನ ಕೆಮ್ಮು ನಿಂತಿತು. ಹಸಿವು ಹೆಚ್ಚಿತು. ಮೈಗೆ ಶಕ್ತಿ ಬಂತು. ಆಗಲೇ ಕಷ್ಟ ಶುರುವಾದದ್ದು. "ಆರಾಮ ಆಗೇತಿ, ಇನ್ನ್ಯಾಕ ಮಾತ್ರಿ?" ಅಂತ ಮೂರು ದಿನ ಬಿಟ್ಟೇ ಬಿಟ್ಟರು. ಆಶಾ ಕಾರ್ಯಕರ್ತೆ ಮನೆಗೆ ಬಂದು ಬೈದು ಮತ್ತೆ ಶುರು ಮಾಡಿಸಿದರು. ಅವರು ಬೈದದ್ದು ಒಳ್ಳೆಯದೇ ಆಯಿತು. ನಡುವೆ ಬಿಟ್ಟರೆ ಅಳಿದುಳಿದ ರೋಗಾಣು ಗಟ್ಟಿಯಾಗುತ್ತದೆ. ಆಮೇಲೆ ಈ ಮಾತ್ರೆಗೆ ಬಗ್ಗುವುದಿಲ್ಲ. ಬೇರೆ ಔಷಧಿ ಬೇಕು. ಅದು ಇನ್ನೂ ಕಷ್ಟ.

ಊಟಕ್ಕೂ ಸರ್ಕಾರ ದುಡ್ಡು ಕೊಡುತ್ತದೆ. ನಿಕ್ಷಯ್ ಪೋಷಣ್ ಯೋಜನೆ ಅಂತ ಅದರ ಹೆಸರು. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಶುರುವಾಯಿತು. 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ ಮಾಡಿದರು. ದುಡ್ಡು ಬ್ಯಾಂಕ್ ಖಾತೆಗೆ ಬರುತ್ತದೆ. ಅಕ್ಕನ ಹೆಸರಲ್ಲಿ ಖಾತೆ ಇರಲಿಲ್ಲ. ಗಂಡನ ಖಾತೆಗೆ ಹಾಕಿಸಿ ಅಂತ ಮನೆಯಲ್ಲಿ ಹೇಳಿದರು. ಅಕ್ಕ ತಮ್ಮ ಹೆಸರಲ್ಲೇ ತೆಗೆಸಿದರು. ಅರ್ಜಿಗೆ ತಾವೇ ಸಹಿ ಹಾಕಿದರು. ಮೊಟ್ಟೆ, ಶೇಂಗಾ, ಬೇಳೆ ತಂದು ತಿಂದರು. ಅರ್ಧ ಮಕ್ಕಳಿಗೇ ಹೋಯಿತು ಅನ್ನುವುದು ಬೇರೆ ಮಾತು.

ಆರು ತಿಂಗಳು ಮುಗಿದ ದಿನ ತೂಕ 43 ಕಿಲೋ ಇತ್ತು. ಮಗಳ ಮದುವೆ ಮುಂದಿನ ಬೇಸಿಗೆಯಲ್ಲಿ ಆಯಿತು.

ಒಲೆಯ ಹೊಗೆ

ಹಾಗಾದರೆ ಹೊಗೆ ಏನೂ ಮಾಡುವುದಿಲ್ಲವೇ? ಮಾಡುತ್ತದೆ. ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆಯ ಹೊಗೆಯನ್ನು ಇಪ್ಪತ್ತು ಮೂವತ್ತು ವರ್ಷ ಕುಡಿದ ಎದೆ ಒಳಗೇ ಕೆಡುತ್ತದೆ. ಶ್ವಾಸಕೋಶದ ಸಣ್ಣ ಸಣ್ಣ ಕೊಳವೆಗಳು ಊದಿ ಕಿರಿದಾಗುತ್ತವೆ. ಡಾಕ್ಟರು ಇದಕ್ಕೆ ಸಿ.ಒ.ಪಿ.ಡಿ. ಅನ್ನುತ್ತಾರೆ. ಬೀಡಿ ಸೇದುವ ಗಂಡಸರಿಗೆ ಬರುವ ರೋಗ ಇದೇ. ಬೀಡಿ ಮುಟ್ಟದ ನಮಗೂ ಬರುತ್ತದೆ, ಒಲೆಯಿಂದ. ದಿನಾ ಬೆಳಿಗ್ಗೆ ಕಫ. ಮೊದಲು ಬಾವಿಯಿಂದ ಮನೆಗೆ ಕೊಡ ತರುವಾಗ ಏದುಸಿರು. ಆಮೇಲೆ ಅಂಗಳ ಗುಡಿಸಿದರೂ ಏದುಸಿರು.

ಕೆಟ್ಟ ಭಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ. ಇದನ್ನು ಮುಚ್ಚಿಟ್ಟು ಹೇಳುವುದು ಬೇಡ. ಆದರೆ ಹೊಗೆ ತಪ್ಪಿಸಿದರೆ ಕೆಡುವುದು ನಿಧಾನವಾಗುತ್ತದೆ. ಎಳೆದುಕೊಳ್ಳುವ ಔಷಧಿಯಿಂದ ಉಸಿರು ಹಗುರಾಗುತ್ತದೆ. ಯಂತ್ರದ ಕೊಳವೆಗೆ ಊದಿಸಿ ಇದನ್ನು ಪರೀಕ್ಷೆ ಮಾಡುತ್ತಾರೆ. ಎದೆಯ ಫೋಟೋ ಒಂದರಲ್ಲೇ ಇದು ಗೊತ್ತಾಗುವುದಿಲ್ಲ.

ಹೊಗೆ ಇಲ್ಲದ ಒಲೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಅವರು ಮಾಡಿದ ಅಸ್ತ್ರ ಒಲೆ ನಮ್ಮ ರಾಜ್ಯದ ಎಷ್ಟೋ ಮನೆಗೆ ಬಂತು. ಮೂರು ಪಾತ್ರೆ ಒಟ್ಟಿಗೆ ಇಡಬಹುದು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಇಂಥ ಒಲೆಗೆ ಒಂದು ಆರೈಕೆ ಬೇಕು. ಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಆಗಾಗ ತೆಗೆಯದಿದ್ದರೆ ಹೊಗೆ ಮತ್ತೆ ಮನೆಯೊಳಗೇ ಬರುತ್ತದೆ. "ಈ ಒಲೆ ಸರಿ ಇಲ್ಲ" ಅಂತ ಒಡೆದು ಹಾಕಿದವರು ಉಂಟು. ಮಸಿ ತೆಗೆಯುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ ಅಂತ ನಮ್ಮ ಅನಿಸಿಕೆ.

2016ರಲ್ಲಿ ಉಜ್ವಲಾ ಯೋಜನೆ ಬಂತು. ಹೆಂಗಸರ ಹೆಸರಲ್ಲೇ ಗ್ಯಾಸ್ ಕೊಟ್ಟರು. ಆದರೂ ಸಿಲಿಂಡರ್ ತುಂಬಿಸಲು ದುಡ್ಡು ಬೇಕು. ಹಾಗಾಗಿ ಚಹಾಕ್ಕೆ ಗ್ಯಾಸ್, ರೊಟ್ಟಿಗೆ ಒಲೆ. ನಮ್ಮ ಓಣಿಯಲ್ಲಿ ಹೆಚ್ಚಿನ ಮನೆ ಹೀಗೇ ಇವೆ. ಒಲೆ ಬಿಡಲು ಆಗದಿದ್ದರೆ ಇಷ್ಟಾದರೂ ಮಾಡೋಣ. ಒಣ ಕಟ್ಟಿಗೆಯನ್ನೇ ಹಾಕೋಣ. ಹಸಿ ಕಟ್ಟಿಗೆ ಹೊಗೆ ಹೆಚ್ಚು. ಅಡುಗೆ ಮನೆಯ ಮೇಲೆ ಹೊಗೆ ಹೋಗಲು ಕಿಂಡಿ ಇರಲಿ. ನೀರು ಕಾಯಿಸುವ ಒಲೆ ಹಿತ್ತಲಿಗೆ ಹೋಗಲಿ. ಕಾಳು ಹಿಂದಿನ ರಾತ್ರಿಯೇ ನೆನೆಹಾಕಿದರೆ ಬೇಗ ಬೇಯುತ್ತದೆ. ಅಷ್ಟು ಹೊಗೆ ಉಳಿಯಿತು. ಮೆಣಸಿನಕಾಯಿ ಬಿಡಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿ. ಗಾಳಿ ಬರುವ ಕಡೆ ಬೆನ್ನು ಹಾಕಿ ಕೂರಿ.

ಸುಂಯ್ ಸುಂಯ್ ಉಸಿರು

ದಮ್ಮು, ಉಬ್ಬಸ, ಗೂರಲು, ಅಸ್ತಮಾ. ಊರಿಗೊಂದು ಹೆಸರು. ಉಸಿರು ಬಿಡುವಾಗ ಪೀಪಿ ಊದಿದ ಹಾಗೆ ಸುಂಯ್ ಅನ್ನುತ್ತದೆ. ಎದೆ ಬಿಗಿಯುತ್ತದೆ. ರಾತ್ರಿ, ನಸುಕಿನಲ್ಲಿ ಹೆಚ್ಚು. ನಾಲ್ಕು ದಿನ ಚೆನ್ನಾಗಿರುತ್ತಾರೆ, ಐದನೇ ದಿನ ಮೋಡ ಹಾಕಿದರೆ ಎದ್ದು ಕೂರುತ್ತಾರೆ. ಧೂಳು, ಹೊಗೆ, ಘಾಟು, ನೆಗಡಿ ಇದನ್ನು ಕೆರಳಿಸುತ್ತವೆ. ಇದು ಅಂಟುವ ರೋಗವಲ್ಲ.

ಇದಕ್ಕೆ ಪಂಪಿನ ಔಷಧಿ ಒಳ್ಳೆಯದು. ಪಂಪು ಅಂದರೆ ಜನ ಹೆದರುತ್ತಾರೆ. "ಒಮ್ಮೆ ಹಿಡಿದರೆ ಚಟ ಆಗುತ್ತೆ" ಅನ್ನುತ್ತಾರೆ. ಚಟ ಆಗುವುದಿಲ್ಲ. ಮಾತ್ರೆ ಮೈಯೆಲ್ಲ ಸುತ್ತಿ ಎದೆಗೆ ಬರುತ್ತದೆ. ಪಂಪಿನ ಔಷಧಿ ನೇರ ಎದೆಗೆ ಹೋಗುತ್ತದೆ. ಹಾಗಾಗಿ ಬಹಳ ಕಡಿಮೆ ಔಷಧಿ ಸಾಕು. ಔಷಧಿಯಲ್ಲಿ ಎರಡು ಬಗೆ. ಒಂದು ದಮ್ಮು ಬಂದಾಗ ಬಿಡಿಸುವುದು. ಇನ್ನೊಂದು ದಮ್ಮು ಬಾರದಂತೆ ತಡೆಯುವುದು. ತಡೆಯುವ ಔಷಧಿಯನ್ನು ಚೆನ್ನಾಗಿರುವ ದಿನವೂ ಎಳೆದುಕೊಳ್ಳಬೇಕು. ನಾವು ಮಾಡುವ ತಪ್ಪು ಇಲ್ಲೇ. ಬಿಡಿಸುವುದನ್ನು ಮಾತ್ರ ಇಟ್ಟುಕೊಂಡು, ತಡೆಯುವುದನ್ನು ಖರ್ಚು ಅಂತ ಬಿಡುತ್ತೇವೆ.

ಎಳೆದುಕೊಳ್ಳುವ ರೀತಿ ಹೀಗೆ. ಪಂಪು ಕುಲುಕಿ. ಉಸಿರು ಪೂರ್ತಿ ಹೊರಗೆ ಬಿಡಿ. ತುಟಿಯಿಂದ ಬಿಗಿಯಾಗಿ ಹಿಡಿದು, ನಿಧಾನ ಉಸಿರು ಎಳೆಯುತ್ತಲೇ ಒಮ್ಮೆ ಒತ್ತಿ. ಮನಸ್ಸಿನಲ್ಲೇ ಹತ್ತು ಎಣಿಸುವ ತನಕ ಉಸಿರು ಹಿಡಿಯಿರಿ. ಆಮೇಲೆ ಬಿಡಿ. ತಡೆಯುವ ಔಷಧಿ ಆದರೆ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು ಬರಬಹುದು.

ಹೈದರಾಬಾದಿನಲ್ಲಿ ಮೃಗಶಿರಾ ಮಳೆ ಕೂಡುವಾಗ ಸಣ್ಣ ಮೀನಿನ ಬಾಯಲ್ಲಿ ಔಷಧಿ ಇಟ್ಟು ನುಂಗಿಸುತ್ತಾರೆ. ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ಅದರಿಂದ ಅಸ್ತಮಾ ವಾಸಿಯಾಗುತ್ತದೆ ಅನ್ನಲು ಪುರಾವೆ ಇಲ್ಲ. ಹೋಗುವವರು ಹೋಗಲಿ. ಪಂಪನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬಾರದು.

ಏದುಸಿರು ಎಲ್ಲಾ ಎದೆಯದೇ ಅಲ್ಲ. ಕೆಮ್ಮು ಇಲ್ಲ, ಮುಖ ಬಿಳುಚಿದೆ, ನಾಲ್ಕು ಹೆಜ್ಜೆಗೆ ಸುಸ್ತು ಅಂದರೆ ರಕ್ತ ಕಡಿಮೆ ಇರಬಹುದು. ಮಲಗಿದರೆ ಉಸಿರು ಕಟ್ಟುತ್ತದೆ, ಕಾಲು ಊದಿದೆ ಅಂದರೆ ಹೃದಯ ತೋರಿಸಬೇಕು. ಬಿ.ಪಿ. ಮಾತ್ರೆಗಳಲ್ಲಿ ಕೆಲವು ಒಣ ಕೆಮ್ಮು ತರುತ್ತವೆ. ನೀವಾಗಿ ಮಾತ್ರೆ ಬಿಡಬೇಡಿ. ಡಾಕ್ಟರಿಗೆ ಹೇಳಿದರೆ ಬದಲಿಸಿ ಕೊಡುತ್ತಾರೆ.

ಒಂದು ಚೀಟಿ ಬರೆಯೋಣ

ಆಸ್ಪತ್ರೆಯಲ್ಲಿ ಸಾಲು ಉದ್ದ. ನಮ್ಮ ಸರದಿ ಬಂದಾಗ ಗಾಬರಿಗೆ ಅರ್ಧ ಮರೆಯುತ್ತೇವೆ. "ಏನಮ್ಮಾ?" ಅಂದರೆ "ಕೆಮ್ಮು ರೀ" ಅಂದು ಸುಮ್ಮನಾಗುತ್ತೇವೆ. ಅದಕ್ಕೆ ಮೊದಲೇ ಬರೆದುಕೊಂಡು ಹೋಗೋಣ. ನಮ್ಮ ಕೇಂದ್ರದಲ್ಲಿ ಈಗ ಇದು ಒಂದು ಪಾಠ. ಬಾಗಿಲ ಹತ್ತಿರದ ಅಕ್ಕ ತಮ್ಮ ಅತ್ತೆಗಾಗಿ ಬರೆದ ಚೀಟಿ ಇಲ್ಲಿದೆ. ನೀವೂ ನಿಮ್ಮ ಮನೆಯವರಿಗಾಗಿ ಒಂದು ಬರೆಯಿರಿ.

ವಯಸ್ಸು 65.
ಕೆಮ್ಮು ಶುರುವಾಗಿ 18 ದಿನ.
ಕಫ ಇದೆ. ಬಿಳಿ ಬಣ್ಣ. ರಕ್ತ ಇಲ್ಲ.
ಸಂಜೆ ಜ್ವರ ಇಲ್ಲ.
ಉಸಿರು ನಿಮಿಷಕ್ಕೆ 22.
ಒಲೆ ಮುಂದೆ 45 ವರ್ಷ.
ನನಗೆ ಮೊದಲು ಟಿ.ಬಿ. ಇತ್ತು. ವಾಸಿ ಆಗಿದೆ.
ಅತ್ತೆಯ ಕಫ ಪರೀಕ್ಷೆ ಮಾಡಿರಿ.